ಸಹಾಯ ಬೇಕು: ಫೈಲ್ ನಕಲು ಮಾಡುವ ಕಮಾಂಡ್‌ನ ದೋಷ ಸಂದೇಶಗಳು

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಟರ್ಮಿನಲ್‌ನಲ್ಲಿ ಫೈಲುಗಳನ್ನು ನಕಲು ಮಾಡುವ ಸಣ್ಣ ಪ್ರೋಗ್ರಾಂ ಒಂದನ್ನು ರಸ್ಟ್ ಭಾಷೆಯಲ್ಲಿ ಬರೆಯುತ್ತಿದ್ದು, ಅದರ ದೋಷ ಸಂದೇಶಗಳ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ.

ಮೂಲ ಫೈಲು ಇಲ್ಲದಿದ್ದರೂ, ನಕಲು ಹೋಗಿ ಸೇರಬೇಕಾದ ಫೋಲ್ಡರ್ ಇಲ್ಲದಿದ್ದರೂ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೊಡುವುದು ಇಎನ್‌ಓಇಎನ್‌ಟಿ, ಅಂದರೆ ‘ಅಂಥ ಫೈಲು ಅಥವಾ ಫೋಲ್ಡರ್ ಇಲ್ಲ’ ಎಂಬ ಒಂದೇ ದೋಷವನ್ನು. ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿ ಹಿಂದಿರುಗಿಸುವ ದೋಷದಲ್ಲಿ ಫೈಲಿನ ಪಾತ್ (ಅದು ಇರುವ ಜಾಗದ ವಿಳಾಸ) ಕೂಡ ಇರುವುದಿಲ್ಲವಾದ್ದರಿಂದ, ಎರಡರಲ್ಲಿ ಯಾವುದು ಸಿಗಲಿಲ್ಲ ಎಂಬುದು ಬಳಸುವವರಿಗೆ ತಿಳಿಯುವುದೇ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದ ಸದ್ಯಕ್ಕೆ ಮೂಲ ಮತ್ತು ನಕಲು ಫೈಲುಗಳೆರಡನ್ನೂ ಬೇರೆ ಬೇರೆಯಾಗಿ ತೆರೆದು, ಹೀಗೆ ತಿಳಿಸುತ್ತಿದ್ದೇನೆ: “‘ವರದಿ.ಪಿಡಿಎಫ್’ ನಕಲಾಗಲಿಲ್ಲ. ‘ಬ್ಯಾಕಪ್/ಮಾರ್ಚ್’ ಎಂಬ ಫೋಲ್ಡರ್ ಇಲ್ಲ. ಮೊದಲು ಅದನ್ನು ರಚಿಸಿ.” ಫೋಲ್ಡರ್ ಇದೆಯೇ ಎಂದು ಮೊದಲೇ ಪರೀಕ್ಷಿಸಬಹುದಾದರೂ, ಆ ಪರೀಕ್ಷೆಗೂ ನಕಲಿಗೂ ನಡುವೆ ಬೇರೊಂದು ಪ್ರೋಗ್ರಾಂ ಅದನ್ನು ಅಳಿಸಿಬಿಡುವ ಸಾಧ್ಯತೆ ಇರುವುದರಿಂದ ಆ ದಾರಿ ಹಿಡಿಯಲಿಲ್ಲ.

ಉತ್ತರ ಹೊಳೆಯದಿರುವುದು ಪೆನ್‌ಡ್ರೈವ್‌ಗಳ ವಿಷಯದಲ್ಲಿ. ಫ್ಯಾಟ್32 ಎಂಬ ಫೈಲ್ ಸಿಸ್ಟಂನಲ್ಲಿ (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಲ್ಲಿ) ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಡ್ರೈವ್‌ನಲ್ಲಿ ಎಷ್ಟೇ ಜಾಗ ಖಾಲಿಯಿದ್ದರೂ ದೊಡ್ಡ ವಿಡಿಯೊ ಅರ್ಧಕ್ಕೇ ನಿಂತು, “ಫೈಲು ತೀರಾ ದೊಡ್ಡದು” ಎಂದಷ್ಟೇ ಬರುತ್ತದೆ. ಇಲ್ಲಿ ಫೈಲ್ ಸಿಸ್ಟಂ ಯಾವುದೆಂದು ಪತ್ತೆಹಚ್ಚಿ ಕಾರಣವನ್ನು ಬಿಡಿಸಿ ಹೇಳಬೇಕೇ, ಮತ್ತು ಅರ್ಧ ನಕಲಾದ ಫೈಲನ್ನು ಅಳಿಸಬೇಕೇ ಅಥವಾ ಉಳಿಸಿ ಅದರ ಹೆಸರನ್ನು ಸಂದೇಶದಲ್ಲಿ ತಿಳಿಸಬೇಕೇ? ಇಂತಹ ಪ್ರೋಗ್ರಾಂ ಬರೆದ ಅನುಭವವಿರುವವರು ದಯವಿಟ್ಟು ತಿಳಿಸಿ.