ಅಪ್‌ಡೇಟ್: ತಾಮ್ರದ ಕೂಲರ್‌ಗೆ ಕೊನೆಗೂ ಬೆಸುಗೆ ಹಿಡಿಯಿತು

ಕಂಪ್ಯೂಟರ್‌ನ ಪ್ರೊಸೆಸರ್ ತಣ್ಣಗಿರಲೆಂದು ನಾನೇ ಮಾಡುತ್ತಿದ್ದ ತಾಮ್ರದ ಕೂಲರ್‌ನ ರೆಕ್ಕೆಗಳು ತಳಕ್ಕೆ ಬೆಸೆದುಕೊಳ್ಳುತ್ತಿಲ್ಲ ಎಂದು ಕೇಳಿದ್ದೆನಲ್ಲ, ಕೆಲಸ ಮುಗಿಯಿತು. ಬೆಸುಗೆ ಕಡ್ಡಿಯ ಕಾವನ್ನೆಲ್ಲ 10 ಮಿ.ಮೀ. ದಪ್ಪದ ತಳವೇ ನುಂಗುತ್ತಿತ್ತು. ಶಾಖ ಸಾಗಿಸುವುದರಲ್ಲಿ ತಾಮ್ರ ಅಲ್ಯೂಮಿನಿಯಂಗಿಂತ ಸುಮಾರು 1.7 ಪಟ್ಟು ಚುರುಕು. ಯಾವ ಗುಣಕ್ಕಾಗಿ ತಂದೆನೋ ಅದೇ ಕಾಡಿತು. ನೀವು ಹೇಳಿದಂತೆ ಇಡೀ ತಳವನ್ನು ಒಲೆಯ ಮೇಲೆ ಕಾಯಿಸಿ, ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಸವರಿ, ಬೆಸುಗೆ ತಂತಿ ಮುಟ್ಟಿಸಿದೆ. ಬೆಳ್ಳಿಗೆರೆಯಂತೆ ಸಂದಿಯೊಳಗೆ ತಾನೇ ಹರಿದುಹೋಯಿತು!

ಆಮೇಲೆ ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ತಳ ಸಮತಟ್ಟಾಗಲೆಂದು ಉಜ್ಜಿದ್ದಕ್ಕೆ ಭುಜ ಇನ್ನೂ ನೋಯುತ್ತಿದೆ. ಪೂರ್ಣ ಹೊರೆಯಲ್ಲಿ ಪ್ರೊಸೆಸರ್‌ನ ಕಾವು 91 ಡಿಗ್ರಿ ಇದ್ದದ್ದು ಈಗ 68. ಕೂಲರ್‌ನ ತೂಕ ಮಾತ್ರ 900 ಗ್ರಾಂ. ಅದನ್ನು ಹೊತ್ತ ಮದರ್‌ಬೋರ್ಡ್ ಬಾಗದಿರಲಿ ಎಂದು ಕಂಪ್ಯೂಟರ್ ಪೆಟ್ಟಿಗೆಯನ್ನು ಮಲಗಿಸಿಟ್ಟಿದ್ದೇನೆ. ಅಷ್ಟು ತಾಮ್ರದಲ್ಲಿ ಒಂದು ಬಿಂದಿಗೆಯಾಗುತ್ತಿತ್ತು ಎಂಬುದು ಅಮ್ಮನ ಲೆಕ್ಕ.