ಶಿರಿಯ ಹೊಳೆಯಲ್ಲಿ ಕಾಳಾಂಜಿಗೆ ಗಾಳದ ಸಾಮಾನು, 12 ಅಡಿ ದೋಣಿಗೆ ಮೋಟರ್: ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಆರಿಕ್ಕಾಡಿ ಗಾಳ:

ನಮಸ್ಕಾರ ಎಲ್ಲರಿಗೂ. ಕಾಸರಗೋಡಿನ ಕುಂಬಳೆ, ಆರಿಕ್ಕಾಡಿ ಕಡೆ ಶಿರಿಯ ಹೊಳೆಯಲ್ಲಿ ಕಾಳಾಂಜಿ, ಚೆಂಬಲ್ಲಿ ಮೀನಿಗೆ ಲೂರ್ (ಕೃತಕ ಎರೆ) ಹಾಕುವುದು. ಈಗ ಕೈಯಲ್ಲಿ ಇರುವುದು 7 ಅಡಿಯ ಮೀಡಿಯಮ್ ರಾಡ್, 4000 ಸೈಜಿನ ಸ್ಪಿನ್ನಿಂಗ್ ರೀಲ್, 0.35 ಮಿ.ಮೀ. ತಂಗೂಸಿ (ನೈಲಾನ್ ದಾರ), 10-11 ಸೆಂ.ಮೀ.ನ ಕೆಲವು ಮಿನ್ನೋ (ಸಣ್ಣ ಮೀನಿನ ಆಕಾರದ) ಲೂರ್‌ಗಳು. ಮೀನು ಹೊಡೆಯುತ್ತದೆ, ಆದರೆ ಒಂದೋ ತಂಗೂಸಿ ಕಡಿಯುತ್ತದೆ, ಇಲ್ಲ ಕೊಕ್ಕೆ ನೆಟ್ಟಗಾಗುತ್ತದೆ.

ದೋಣಿ 12 ಅಡಿ ಉದ್ದ, 4 ಅಡಿ ಅಗಲದ ಫೈಬರ್. ಸದ್ಯಕ್ಕೆ ಹುಟ್ಟು ಹಾಕಿಯೇ ಹೋಗುವುದು, ಇಬ್ಬರು. ಒಟ್ಟು ಬಜೆಟ್ 80 ಸಾವಿರ. ಪಟ್ಟಿಯಲ್ಲಿ ಉಂಟು: ಹೊಸ ರೀಲ್, ಫಿಶ್ ಫೈಂಡರ್ (ನೀರೊಳಗಿನ ಮೀನು ತೋರಿಸುವ ಯಂತ್ರ), 55 ಪೌಂಡ್ ತಳ್ಳುವ, ಬ್ಯಾಟರಿಯಲ್ಲಿ ಓಡುವ ಟ್ರೋಲಿಂಗ್ ಮೋಟರ್, ಮುಂದೆ ನಿಂತು ಬೀಸಲಿಕ್ಕೆ ಎತ್ತರದ ಪ್ಲೈವುಡ್ ಡೆಕ್. ಬ್ಯಾಟರಿಗೆ ಮನೆಯ ಇನ್ವರ್ಟರಿನ ಹಳೆಯ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಸಾಕಲ್ಲ? ಎಲ್ಲವೂ ಒಟ್ಟಿಗೆ ಆಗುವ ಮಾತಲ್ಲ. ಯಾವುದರಿಂದ ಶುರು ಮಾಡಲಿ, ಯಾವುದು ಬಿಡಲಿ?

ಅಳಿವೆ ಬಾಗಿಲು:

ರೀಲ್ ಹಾಗೇ ಇರಲಿ. 4000 ಸೈಜು ಈ ಹೊಳೆಗೆ ಧಾರಾಳ. ನಿಮಗೆ ಮೀನು ತಪ್ಪುವುದು ರೀಲಿನಿಂದಲ್ಲ, ರಾಡಿನ ತುದಿಯಿಂದ ಮುಂದೆ ಇರುವ ಎರಡು ಮೀಟರಿನಿಂದ.

ಕಾಳಾಂಜಿಗೆ ಉದ್ದ ಹಲ್ಲಿಲ್ಲ, ಆದರೆ ಬಾಯಿಯ ಒಳಗೆ ಅರದಂತೆ ತರಿ ಉಂಟು, ಕಿವಿರಿನ ಮುಚ್ಚಳದ ಅಂಚು ಬ್ಲೇಡೇ. ಮೀನು ತಲೆ ಕೊಡವಿ ಹಾರುವಾಗ ದಾರ ಆ ಅಂಚಿಗೆ ತಾಗುತ್ತದೆ. 0.35ರ ತಂಗೂಸಿ ಸುಮಾರು 8 ಕೆಜಿ ತಡೆದರೂ ಒಂದು ಗೀರು ಬಿದ್ದ ಮೇಲೆ ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಮೈನ್ ಲೈನಿಗೆ 30 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ (ದಪ್ಪದ ನಂಬರ್ ಪಿಇ 2), ಅದರ ಮುಂದೆ ಲೂರಿಗೆ ಕಟ್ಟುವ ದಪ್ಪ ದಾರದ ತುಂಡು, ಅಂದರೆ 50 ಪೌಂಡಿನ ಲೀಡರ್, ಒಂದೂವರೆ ಮೀಟರ್. ಸೇತುವೆಯ ಕಂಬಗಳ ಹತ್ತಿರ ಬೀಸುವುದಾದರೆ 60 ಪೌಂಡ್ ಹಾಕಿ, ಅಲ್ಲಿ ಮೀನಿಗಿಂತ ಕಂಬಕ್ಕೆ ಅಂಟಿದ ಚಿಪ್ಪೇ ಹೆಚ್ಚು ಕಡಿಯುವುದು. ಚೆಂಬಲ್ಲಿಯದು ಇನ್ನೊಂದು ಕತೆ. ಕಚ್ಚಿದ ಕ್ಷಣಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಒಳಗೆ ನುಗ್ಗುತ್ತದೆ, ಮೊದಲ ಎರಡು ಮೀಟರಿನಲ್ಲಿ ನಿಲ್ಲಿಸದಿದ್ದರೆ ಮುಗಿಯಿತು.

ಲೀಡರ್ ಫ್ಲೋರೋಕಾರ್ಬನ್ನೇ ಆಗಬೇಕೆಂದಿಲ್ಲ. ಪಾಪರ್‌ನಂತಹ ಮೇಲೆ ತೇಲುವ ಲೂರ್‌ಗೆ ನೈಲಾನೇ ಒಳ್ಳೆಯದು, ಫ್ಲೋರೋ ಮುಳುಗುತ್ತದೆ, ಲೂರಿನ ಮೂತಿಯನ್ನು ಕೆಳಗೆ ಎಳೆಯುತ್ತದೆ.

ಬ್ರೇಡ್ ಸುತ್ತುವಾಗ ಸ್ಪೂಲಿಗೆ ನೇರ ಕಟ್ಟಬೇಡಿ. ನುಣ್ಣಗಿನ ಸ್ಪೂಲಿನ ಮೇಲೆ ಇಡೀ ಸುತ್ತೇ ಜಾರುತ್ತದೆ. ಡ್ರ್ಯಾಗ್ (ದಾರ ಬಿಡುವುದನ್ನು ತಡೆಯುವ ರೀಲಿನ ಬ್ರೇಕ್) ಎಷ್ಟು ಬಿಗಿದರೂ ಮೀನು ದಾರ ಎಳೆಯುತ್ತಲೇ ಇರುತ್ತದೆ, ರೀಲ್ ಹಾಳಾಗಿದೆ ಎಂದು ಜನ ರಿಪೇರಿಗೆ ಕೊಡುವುದೂ ಉಂಟು. ಮೊದಲು ನಿಮ್ಮ ಹಳೆಯ ತಂಗೂಸಿಯನ್ನೇ ಐದಾರು ಮೀಟರ್ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ. ಒದ್ದೆ ಬಟ್ಟೆಯಲ್ಲಿ ದಾರವನ್ನು ಹಿಡಿದು ಬಿಗಿಯಾಗಿ ಸುತ್ತಬೇಕು, ಸಡಿಲ ಸುತ್ತಿದರೆ ಬೀಸುವಾಗ ಗಂಟುಗಂಟಾಗಿ ಹೊರಗೆ ಬರುತ್ತದೆ. ಸ್ಪೂಲಿನ ಅಂಚಿಗಿಂತ ಒಂದೂವರೆ ಎರಡು ಮಿ.ಮೀ. ಕಡಿಮೆ ಇರುವಲ್ಲಿಗೆ ನಿಲ್ಲಿಸಿ.

ಬ್ರೇಡ್, ಲೀಡರ್ ಜೋಡಿಸಲು ಎಫ್‌ಜಿ ಗಂಟು. ಲೀಡರಿನ ಮೇಲೆ ಬ್ರೇಡನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ, ಒಟ್ಟು 20 ಸುತ್ತು. ಬ್ರೇಡ್ ಇಡೀ ಹೊತ್ತು ಬಿಗಿಯಾಗಿಯೇ ಇರಬೇಕು. ಒಂದೆರಡು ಹಾಫ್ ಹಿಚ್ ಹಾಕಿ, ನೀರು ಮುಟ್ಟಿಸಿ, ಕೈಗೆ ಬಟ್ಟೆ ಸುತ್ತಿಕೊಂಡು ಜೋರಾಗಿ ಎಳೆಯಿರಿ. ಬ್ರೇಡಿನ ಬಣ್ಣ ಗಾಢವಾಗಿ, ಲೀಡರಿನೊಳಗೆ ಕಚ್ಚಿ ಕೂತದ್ದು ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ ಅದು ಜಾರುವ ಗಂಟು, ಕತ್ತರಿಸಿ ಮತ್ತೆ ಹಾಕಿ. ದೋಣಿಯಲ್ಲಿ ಗಾಳಿಗೆ ಇದು ಕಷ್ಟ, ಅಲ್ಲಿ ಡಬಲ್ ಯೂನಿ ಹಾಕಿ: ಬ್ರೇಡಿನಲ್ಲಿ 8 ಸುತ್ತು, ಲೀಡರಿನಲ್ಲಿ 4. ಆದರೆ ಆ ಗಂಟು ದಪ್ಪ, ಬೀಸುವಾಗ ರಾಡಿನ ರಿಂಗಿನ ಹೊರಗೇ ಇರುವಷ್ಟು ಲೀಡರನ್ನು ಗಿಡ್ಡ ಮಾಡಿಕೊಳ್ಳಿ.

ಇನ್ನು ಕೊಕ್ಕೆ. ಪೇಟೆಯ ಲೂರಿನ ಜೊತೆ ಬರುವ ಮೂರು ಮುಳ್ಳಿನದು ತೆಳು ತಂತಿ, ಮೊದಲ ದಿನವೇ ತೆಗೆದುಹಾಕಿ. 4ಎಕ್ಸ್ (ದಪ್ಪ ತಂತಿಯ) ಟ್ರೆಬಲ್ ಅಥವಾ ಇನ್‌ಲೈನ್ ಸಿಂಗಲ್ ಕೊಕ್ಕೆ ಹಾಕಿ, ಕೊಕ್ಕೆಯನ್ನು ಲೂರಿಗೆ ಸಿಕ್ಕಿಸುವ ಸ್ಪ್ಲಿಟ್ ರಿಂಗನ್ನೂ ಅದರ ಜೊತೆಗೇ ಬದಲಿಸಿ. ಇಲ್ಲದಿದ್ದರೆ ಕೊಕ್ಕೆ ತಡೆದು ರಿಂಗ್ ಬಿಚ್ಚಿಕೊಳ್ಳುತ್ತದೆ. ದಪ್ಪ ಕೊಕ್ಕೆ ಹಾಕಿದಾಗ ಲೂರಿನ ತೂಕ ಬದಲಾಗುತ್ತದೆ, ತೇಲಬೇಕಾದದ್ದು ಮುಳುಗಬಹುದು. ಹೊಳೆಗೆ ಹೋಗುವ ಮೊದಲೇ ಬಕೆಟಿನಲ್ಲಿ ಬಿಟ್ಟು ನೋಡಿ. ಬಾವಿ ನೀರಿನಲ್ಲಿ ಮೆಲ್ಲ ಮುಳುಗುವುದು ಉಪ್ಪು ನೀರಿನಲ್ಲಿ ನಿಂತಲ್ಲೇ ನಿಲ್ಲಬಹುದು, ಆ ವ್ಯತ್ಯಾಸ ಲೆಕ್ಕದಲ್ಲಿರಲಿ.

ಡ್ರ್ಯಾಗ್ ಅಂದಾಜಿಗೆ ಬೇಡ. ರಾಡ್ ಬಗ್ಗಿಸಿ, ದಾರದ ತುದಿಗೆ ನೇತಾಡಿಸುವ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ, 3ರಿಂದ 3.5 ಕೆಜಿಗೆ ಬಿಡಬೇಕು. ಇದು 30 ಪೌಂಡಿನ ಕಾಲು ಭಾಗ. ನಿಮ್ಮ ರಾಡಿನಲ್ಲಿ ಬರೆದ ಲೂರ್ ತೂಕ 28 ಗ್ರಾಮಿನವರೆಗೆ ಇದ್ದರೆ ಅದೂ ಸಾಕು. ಹಿಡಿದ ಮೇಲೆ 90 ಸೆಂ.ಮೀ. ದಾಟಿದ್ದನ್ನು ಬಿಟ್ಟುಬಿಡಿ ಎಂಬುದು ನನ್ನ ಅಭಿಪ್ರಾಯ. ಕಾಳಾಂಜಿ ಮೊದಲು ಗಂಡಾಗಿದ್ದು ದೊಡ್ಡದಾದ ಮೇಲೆ ಹೆಣ್ಣಾಗುವ ಜಾತಿ, ಆ ಗಾತ್ರದ್ದು ಬಹುಪಾಲು ಮೊಟ್ಟೆ ಇಡುವಂಥದ್ದೇ.

ಬ್ಯಾಟರಿ ಭಾವ:

ಇನ್ವರ್ಟರಿನ ಟ್ಯೂಬುಲರ್ ಬೇಡವೇ ಬೇಡ ಮಾರಾಯ್ರೆ. 50 ಕೆಜಿ ಮೇಲೆ ತೂಕ, ದೋಣಿ ಓಲಾಡಿದರೆ ಆಸಿಡ್ ಚೆಲ್ಲುತ್ತದೆ, ಅದೂ ಹಳೆಯದು. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಅದರ ಆಯುಷ್ಯವೂ ಬೇಗ ಮುಗಿಯುತ್ತದೆ. 12.8 ವೋಲ್ಟ್ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ತೆಗೆದುಕೊಳ್ಳಿ, 10-13 ಕೆಜಿ. ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ನಿರಂತರ 100 ಆಂಪಿಯರ್ ಕೊಡುವಂಥದ್ದಾ ಎಂದು ಕೇಳಿ ತೆಗೆದುಕೊಳ್ಳಿ. ಅಗ್ಗದ್ದರಲ್ಲಿ 50ರದ್ದು ಇರುತ್ತದೆ, ಫುಲ್ ಸ್ಪೀಡ್ ಕೊಟ್ಟಾಗ ಹೊಳೆಯ ನಡುವೆ ಕಟ್ ಆಗುತ್ತದೆ. ಚಾರ್ಜರೂ ಲಿಥಿಯಂನದ್ದೇ ಆಗಬೇಕು, 14.4-14.6 ವೋಲ್ಟಿಗೆ ನಿಲ್ಲುವಂಥದ್ದು.

ಮೋಟರ್ 55 ಪೌಂಡ್ ಸರಿಯಾದ ಆಯ್ಕೆ. ಲೆಕ್ಕ ಹೀಗೆ: ದೋಣಿ, ಇಬ್ಬರು, ಸಾಮಾನು ಸೇರಿ 300 ಕೆಜಿ, ಅಂದರೆ 660 ಪೌಂಡ್. 100 ಪೌಂಡ್ ತೂಕಕ್ಕೆ ಎರಡೂವರೆ ಪೌಂಡ್ ತಳ್ಳು ಬೇಕೆಂಬ ರೂಢಿಯಲ್ಲಿ 17 ಆಯಿತು. ಅದು ನಿಂತ ನೀರಿಗೆ. ಸೆಳೆತಕ್ಕೆ ಅದರ ಎರಡು ಪಾಲು, ಅಂದರೆ 34, ಉಳಿದದ್ದು ಮೀಸಲು. ಫುಲ್ ಕೊಟ್ಟರೆ 50 ಆಂಪಿಯರ್ ಎಳೆಯುತ್ತದೆ, 100 ಎಎಚ್ ಎರಡು ಗಂಟೆಯೊಳಗೆ ಖಾಲಿ. ಅರ್ಧ ವೇಗದಲ್ಲಿ 15-20 ಆಂಪಿಯರ್, ನಾಲ್ಕೈದು ಗಂಟೆ ಬರುತ್ತದೆ. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ಬರುವಾಗ ನೀರೇ ತರುವ ಹಾಗೆ. ಅಮಾವಾಸ್ಯೆ, ಹುಣ್ಣಿಮೆಯ ಇಳಿತದಲ್ಲಿ ಅಳಿವೆಯ ಹತ್ತಿರ ಈ ಮೋಟರನ್ನು ನಂಬಬೇಡಿ, ಹುಟ್ಟು ದೋಣಿಯಲ್ಲೇ ಇರಲಿ.

ವಯರಿಂಗಿನಲ್ಲೇ ಹೆಚ್ಚಿನವರು ಕೆಡುವುದು. ಮನೆಗೆ ಎಳೆಯುವ 6 ಸ್ಕ್ವೇರ್ ಎಂ.ಎಂ. ವಯರ್ ಹಾಕುತ್ತಾರೆ. ಬ್ಯಾಟರಿ ಮುಂದೆ, ಮೋಟರ್ ಹಿಂದೆ, ಹೋಗಿ ಬರಲು 6 ಮೀಟರ್ ಎಂದಾದರೆ 50 ಆಂಪಿಯರಿಗೆ ಸುಮಾರು 0.9 ವೋಲ್ಟ್ ವಯರಿನಲ್ಲೇ ಹೋಯಿತು, 45 ವ್ಯಾಟ್ ಬರೇ ಬಿಸಿ. 16 ಸ್ಕ್ವೇರ್ ಹಾಕಿದರೆ ಅದು 0.35ಕ್ಕೆ ಇಳಿಯುತ್ತದೆ. ತವರ ಲೇಪದ, ಸಣ್ಣ ಎಳೆಗಳ ತಾಮ್ರ ಸಿಕ್ಕಿದರೆ ಅದೇ. ಬರೀ ತಾಮ್ರ ಉಪ್ಪುಗಾಳಿಗೆ ಇನ್ಸುಲೇಶನ್ ಒಳಗೇ ಕಪ್ಪಾಗುತ್ತದೆ. ವಯರಿನ ತುದಿಗೆ ಲಗ್ ಕ್ರಿಂಪ್ ಮಾಡಿಸಿ, ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 60 ಆಂಪಿಯರಿನ ಡಿಸಿ ಬ್ರೇಕರ್. ಮನೆಯ ಎಂಸಿಬಿ ಎಸಿಗೆ ಮಾಡಿದ್ದು, ಡಿಸಿಯ ಕಿಡಿಯನ್ನು ಅದು ಸರಿಯಾಗಿ ಆರಿಸುವುದಿಲ್ಲ.

ಮೋಟರ್ ಉಪ್ಪು ನೀರಿಗೆ ಮಾಡಿದ್ದೇ ಆಗಲಿ, ಮೋಟರಿನ ಬದಲು ತಾನೇ ಸವೆಯುವ ಸತುವಿನ ತುಂಡು (ಆನೋಡ್) ಇರುವಂಥದ್ದು. ಸಿಹಿ ನೀರಿನದು ಶಿರಿಯದಲ್ಲಿ ಬಾಳಿಕೆ ಬರುವುದಿಲ್ಲ. ತಿಂಗಳಿಗೊಮ್ಮೆ ಪ್ರೊಪೆಲರ್ ಬಿಚ್ಚಿ ಅದರ ಹಿಂದೆ ದಾರ ಸುತ್ತಿಕೊಂಡಿದೆಯಾ ನೋಡಿ. ಬ್ರೇಡ್ ಅಲ್ಲಿ ಸಿಕ್ಕಿದರೆ ಶಾಫ್ಟಿನ ಸೀಲ್ ಕಡಿಯುತ್ತದೆ, ನೀರು ಒಳಗೆ ಹೋಗುತ್ತದೆ, ಗೊತ್ತಾಗುವಾಗ ಮೋಟರ್ ಸುಟ್ಟಿರುತ್ತದೆ.

ಪಯಸ್ವಿನಿ ದಂಡೆ:

ಭಾವ ಹೇಳಿದ ವಯರಿಂಗಿಗೆ ನನ್ನ ಸಹಮತ ಉಂಟು. ಆದರೆ ದುಡ್ಡು ಮೊದಲು ದೋಣಿ ಮುಳುಗದ ಹಾಗೆ ಮಾಡಲು ಹೋಗಲಿ. ಎತ್ತರದ ಡೆಕ್ ಬಿಡಿ. 4 ಅಡಿ ಅಗಲದ ದೋಣಿಯಲ್ಲಿ ಒಂದಡಿ ಮೇಲೆ ನಿಂತು ಬದಿಗೆ ಬೀಸಿದರೆ, ಅದೇ ಹೊತ್ತಿಗೆ ಇನ್ನೊಬ್ಬ ಅದೇ ಬದಿಗೆ ಬಗ್ಗಿದರೆ ಕತೆ ಮುಗಿಯಿತು. ತಳದಿಂದ ನಾಲ್ಕೈದು ಇಂಚು ಎತ್ತರಕ್ಕೆ ಸಮತಟ್ಟು ಹಲಗೆ ಸಾಕು. ಐಎಸ್ 710 ಗುರುತಿರುವ 12 ಮಿ.ಮೀ. ಮರೈನ್ ಪ್ಲೈ, ಕತ್ತರಿಸಿದ ಅಂಚಿಗೆ ಮೂರು ಕೈ ಎಪಾಕ್ಸಿ. ಅಂಚಿನಿಂದಲೇ ಪದರ ಬಿಚ್ಚುವುದು.

ಆ ಹಲಗೆಯ ಅಡಿಯಲ್ಲಿ ಫೋಮ್ ತುಂಬಿಸಿ. ಒಂದು ಲೀಟರ್ ಫೋಮ್ ಹತ್ತಿರ ಹತ್ತಿರ ಒಂದು ಕೆಜಿ ಎತ್ತುತ್ತದೆ. ಫೈಬರ್ ನೀರಿಗಿಂತ ಭಾರ, 110 ಕೆಜಿಯ ದೋಣಿ ತುಂಬಿ ಮುಳುಗಿದರೆ ನೀರೊಳಗೆ ಅದರ ತೂಕ ಸುಮಾರು ಮೂರನೇ ಒಂದು ಪಾಲು. ಅದಕ್ಕೆ ಬ್ಯಾಟರಿ, ಮೋಟರ್, ಲಂಗರು, ಹಿಡಿದುಕೊಂಡು ನೇತಾಡುವ ಇಬ್ಬರು ಸೇರಿದರೆ 120 ಲೀಟರಿಗೆ ಕಡಿಮೆ ಬೇಡ. ಎಲ್ಲವನ್ನೂ ತಳಕ್ಕೇ ಹಾಕಿದರೆ ಮುಳುಗಿದ ದೋಣಿ ಮಗುಚುತ್ತದೆ, ಅರ್ಧ ಪಾಲು ಎರಡೂ ಬದಿಯ ಅಂಚಿನ ಕೆಳಗೆ ಇರಲಿ. ಲೈಫ್ ಜಾಕೆಟ್ ಮೈಮೇಲೆ, ಹಲಗೆಯ ಅಡಿಯಲ್ಲಿ ಅಲ್ಲ.

ಲಂಗರು: 8 ಮಿ.ಮೀ. ಹಗ್ಗ, ಆಳದ ಐದರಿಂದ ಏಳು ಪಟ್ಟು ಉದ್ದ, ಲಂಗರಿನ ಹತ್ತಿರ ಎರಡು ಮೀಟರ್ ಸಂಕೋಲೆ. ಸಂಕೋಲೆ ಇಲ್ಲದಿದ್ದರೆ ಹಗ್ಗ ಲಂಗರನ್ನು ಮೇಲಕ್ಕೆ ಎತ್ತಿ ಹೊಯಿಗೆಯಲ್ಲಿ (ಮರಳಿನಲ್ಲಿ) ಎಳೆದಾಡಿಸುತ್ತದೆ. ಹೊಯಿಗೆ ತೆಗೆದ ಗುಂಡಿ ಇರುವಲ್ಲಿ ಎರಡು ಮೀಟರ್ ಆಳ ಹಠಾತ್ತನೆ ಐದಾಗುತ್ತದೆ, ಹಗ್ಗ ಹೆಚ್ಚೇ ಇರಲಿ. ಕಟ್ಟುವುದು ಯಾವಾಗಲೂ ಮೂತಿಯಿಂದ. ಇಳಿತದ ಸೆಳೆತದಲ್ಲಿ ಹಿಂದಿನಿಂದ ಕಟ್ಟಿದರೆ ಮೋಟರ್ ಇರುವ ತಗ್ಗು ಬದಿಯಿಂದ ನೀರು ಒಳಗೆ ನುಗ್ಗುತ್ತದೆ. ಬದಿಯಿಂದ ಕಟ್ಟಿದರೆ ಮಗುಚುವುದು ನಿಮಿಷದ ಕೆಲಸ.

ಫಿಶ್ ಫೈಂಡರ್ ಕೊನೆಗೆ. ಎರಡು ಮೂರು ಮೀಟರ್ ಆಳದಲ್ಲಿ ಅದರ ಕಿರಣ ಕಾಣುವುದು ದೋಣಿಯ ಅಡಿಯ ಸಣ್ಣ ವೃತ್ತ ಮಾತ್ರ. ಮೀನು ಇರುವುದೋ, ಕಾಂಡ್ಲಾದ ನೀರು ಇಳಿದು ಹೊಳೆಗೆ ಸೇರುವ ಸಣ್ಣ ತೋಡಿನ ಬಾಯಲ್ಲಿ.

ಆರಿಕ್ಕಾಡಿ ಗಾಳ:

ತುಂಬಾ ಉಪಕಾರ. ಹಾಗಾದರೆ ರೀಲ್, ಫೈಂಡರ್, ಎತ್ತರದ ಡೆಕ್ ಕಟ್. ಎರಡು ಸಂಶಯ. ಫೋಮಿನ ಬದಲು ಥರ್ಮಾಕೋಲ್ ಆಗುತ್ತದಾ? ಹಲಗೆ, ರಾಡ್ ಹೋಲ್ಡರ್ ಕೂರಿಸಲು ಫೈಬರಿಗೆ ತೂತು ಮಾಡಿದರೆ ಸೋರುವುದಿಲ್ಲವಾ?

ಪಯಸ್ವಿನಿ ದಂಡೆ:

ಥರ್ಮಾಕೋಲ್ ತೇಲುತ್ತದೆ, ಆದರೆ ಪೆಟ್ರೋಲ್ ತಾಗಿದರೆ ಕರಗಿಹೋಗುತ್ತದೆ, ವರ್ಷ ಕಳೆದಂತೆ ನೀರನ್ನೂ ಹೀರುತ್ತದೆ. ಪಿಯು (ಪಾಲಿಯುರಿಥೇನ್) ಫೋಮ್ ದುಬಾರಿ ಎಂದಾದರೆ ಮುಚ್ಚಳ ಬಿಗಿದ ಎರಡು ಲೀಟರಿನ ಖಾಲಿ ಸೋಡಾ ಬಾಟ್ಲಿ 60 ಒಟ್ಟು ಮಾಡಿ, ಬಲೆಯ ಚೀಲದಲ್ಲಿ ಹಾಕಿ ಹಲಗೆಯ ಅಡಿಯಲ್ಲೂ ಬದಿಗಳಲ್ಲೂ ಗಟ್ಟಿಯಾಗಿ ಕಟ್ಟಿ. ಕೆಲಸ ಅದೇ. ಒಂದು ಒಡೆದರೆ ಉಳಿದದ್ದು ಉಂಟಲ್ಲ.

ತೂತಿನ ವಿಷಯ: ನೀರಿನ ಮಟ್ಟದ ಕೆಳಗೆ ಒಂದೂ ಬೇಡ. ಹಲಗೆಯನ್ನು ತಳಕ್ಕೆ ಬೋಲ್ಟ್ ಮಾಡದೆ ಫೈಬರ್ ಮ್ಯಾಟ್, ರೆಸಿನ್‌ನಲ್ಲಿ ಮರದ ಪಟ್ಟಿ ಅಂಟಿಸಿ ಅದಕ್ಕೆ ಸ್ಕ್ರೂ ಹಾಕಿ. ಅಂಟಿಸುವ ಮೊದಲು ಆ ಜಾಗವನ್ನು 80 ನಂಬರ್ ಕಾಗದದಲ್ಲಿ ಉಜ್ಜಿ, ಅಸಿಟೋನ್ ಹಾಕಿ ಒರಸಿ, ಇಲ್ಲದಿದ್ದರೆ ಮಳೆಗಾಲ ಕಳೆಯುವಾಗ ಪಟ್ಟಿ ಕೈಗೇ ಬರುತ್ತದೆ. ರಾಡ್ ಹೋಲ್ಡರ್ ಮೇಲಿನ ಅಂಚಿನಲ್ಲಿ: 316 ಸ್ಟೀಲಿನ ಬೋಲ್ಟ್, ಒಳಗಿನಿಂದ ಅಗಲ ವಾಷರ್, ನೈಲಾಕ್ (ತಾನಾಗಿ ಸಡಿಲವಾಗದ) ನಟ್. ತೂತಿನ ಬಾಯಿಯನ್ನು ಸ್ವಲ್ಪ ಅಗಲ ಮಾಡಿ ಪಾಲಿಯುರಿಥೇನ್ ಸೀಲಂಟ್ ತುಂಬಿಸಿ. ಬಾತ್‌ರೂಮಿನ ಹುಳಿ ವಾಸನೆಯ ಸಿಲಿಕೋನ್ ಫೈಬರಿಗೆ ನಿಲ್ಲುವುದಿಲ್ಲ. ಅರ್ಧ ಬಿಗಿದು ಬಿಡಿ, ಸೀಲಂಟ್ ಗಟ್ಟಿಯಾದ ಮೇಲೆ ಪೂರ್ತಿ ಬಿಗಿಯಿರಿ. ಒಮ್ಮೆಲೇ ಬಿಗಿದರೆ ಅದೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ.

ಬ್ಯಾಟರಿ ಭಾವ:

ಒಂದು ಬಿಟ್ಟುಹೋಯಿತು. 2021ರ ಒಳನಾಡು ಹಡಗು ಕಾಯ್ದೆ ಯಂತ್ರದಿಂದ ಓಡುವ ದೋಣಿಗೆ ನೋಂದಣಿ ಕೇಳುತ್ತದೆ. ವಿದ್ಯುತ್ ಮೋಟರೂ ಯಂತ್ರವೇ. ತೆಗೆದುಕೊಳ್ಳುವ ಮೊದಲು ಬಂದರು ಕಚೇರಿಯಲ್ಲಿ ನಿಮ್ಮ ಅಳತೆಯ ದೋಣಿಗೆ ಎಂತ ಬೇಕು ಎಂದು ಕೇಳಿಕೊಳ್ಳಿ. ಮೋಟರಿನ ಶಾಫ್ಟ್ ಅಳತೆಯನ್ನೂ ಆಗಲೇ ತೆಗೆದಿಡಿ: ದೋಣಿಯ ಹಿಂದಿನ ಹಲಗೆಯ ಮೇಲಂಚಿನಿಂದ ನೀರಿನವರೆಗೆ ಎಷ್ಟು ಇಂಚು, ಅದಕ್ಕೆ ಇನ್ನು ಇಪ್ಪತ್ತು ಸೇರಿಸಿ. ಇಬ್ಬರೂ ದೋಣಿಯಲ್ಲಿ ಕೂತಿರುವಾಗಲೇ ಅಳೆಯಿರಿ.