ಪ್ರಶ್ನೋತ್ತರ: ಊರುಗಳ ಇನ್ಫೋಬಾಕ್ಸ್ ಮತ್ತು ವಿಕಿಡೇಟಾ ಒಂದಕ್ಕೊಂದು ಹೊಂದುವಂತೆ ಇಡುವುದು ಹೇಗೆ?

ಪ್ರಶ್ನೆ: ಕನ್ನಡ ವಿಕಿಪೀಡಿಯದಲ್ಲಿ ಕರ್ನಾಟಕದ ಊರು, ತಾಲೂಕು, ಜಿಲ್ಲೆಗಳ ಲೇಖನಗಳ ಇನ್ಫೋಬಾಕ್ಸನ್ನು (ಲೇಖನದ ಬದಿಯ ಮಾಹಿತಿ ಚೌಕ) ವಿಕಿಡೇಟಾದಿಂದಲೇ (ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಸಾಮಾನ್ಯವಾದ ದತ್ತಾಂಶ ಕೋಶ) ತುಂಬಿಸಬೇಕೆಂದಿದ್ದೇವೆ. ಮೂರು ತೊಂದರೆ ಕಾಣುತ್ತಿವೆ. ಹೊಸಪೇಟೆಯಂಥ ಊರಿಗೆ ಜಿಲ್ಲೆ ಎಂಬಲ್ಲಿ ಬಳ್ಳಾರಿ, ವಿಜಯನಗರ ಎರಡೂ ಬರುತ್ತವೆ. ಜನಸಂಖ್ಯೆಯ ಜಾಗದಲ್ಲಿ ಮೂರು ನಾಲ್ಕು ಅಂಕಿ ಒಟ್ಟಿಗೆ ಬೀಳುತ್ತವೆ. ಕೆಲವು ಹೆಸರುಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ತಪ್ಪು ಇನ್ಫೋಬಾಕ್ಸ್ ಮೂಡಿಸುವ ಟೆಂಪ್ಲೇಟಿನದೋ ದತ್ತಾಂಶದ್ದೋ?

ಉತ್ತರ: ಮೊದಲ ಎರಡಕ್ಕೂ ಕಾರಣ ರ‍್ಯಾಂಕ್. ವಿಕಿಡೇಟಾದಲ್ಲಿ ಪ್ರತಿ ಹೇಳಿಕೆಗೂ (ಅಂದರೆ ದಾಖಲಾದ ಪ್ರತಿ ಮೌಲ್ಯಕ್ಕೂ) ಪ್ರಿಫರ್ಡ್ (ಆದ್ಯತೆಯದು), ನಾರ್ಮಲ್ (ಸಾಮಾನ್ಯ), ಡೆಪ್ರಿಕೇಟೆಡ್ (ತಪ್ಪೆಂದು ಬದಿಗಿಟ್ಟದ್ದು) ಎಂಬ ಮೂರರಲ್ಲಿ ಒಂದು ರ‍್ಯಾಂಕ್ ಇರುತ್ತದೆ. ವಿಕಿಡೇಟಾದ ಮೌಲ್ಯವನ್ನು ಲೇಖನಕ್ಕೆ ತರುವ ಪ್ರಾಪರ್ಟಿ ಮತ್ತು ಸ್ಟೇಟ್‌ಮೆಂಟ್ಸ್ ಪಾರ್ಸರ್ ಫಂಕ್ಷನ್‌ಗಳು ನೋಡುವುದು ಈ ರ‍್ಯಾಂಕನ್ನು ಮಾತ್ರ. ಪ್ರಿಫರ್ಡ್ ಇದ್ದರೆ ಅದೊಂದನ್ನೇ ತರುತ್ತವೆ, ಇಲ್ಲದಿದ್ದರೆ ನಾರ್ಮಲ್ ಇರುವುದನ್ನೆಲ್ಲ ತಂದು ಸುರಿಯುತ್ತವೆ. ಕೊನೆಯ ದಿನಾಂಕ ಹಾಕಿದರೆ ಹಳೆಯದು ತಾನಾಗಿ ಮರೆಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ.

ಹೊಸಪೇಟೆಯ ಐಟಂನಲ್ಲಿ (ವಿಕಿಡೇಟಾದಲ್ಲಿ ಆ ಊರಿನ ಪುಟ) ಪಿ131, ಅಂದರೆ ಯಾವ ಆಡಳಿತ ವ್ಯಾಪ್ತಿಯಲ್ಲಿದೆ ಎಂಬಲ್ಲಿ ಹೀಗಿರಬೇಕು: ಬಳ್ಳಾರಿ ಜಿಲ್ಲೆ, ಮುಕ್ತಾಯ (ಪಿ582) 2021, ರ‍್ಯಾಂಕ್ ನಾರ್ಮಲ್. ವಿಜಯನಗರ ಜಿಲ್ಲೆ, ಆರಂಭ (ಪಿ580) 2021, ರ‍್ಯಾಂಕ್ ಪ್ರಿಫರ್ಡ್. ಎಡಿಟ್ ಒತ್ತಿದಾಗ ಮೌಲ್ಯದ ಎಡಗಡೆ ಕಾಣುವ ಪುಟ್ಟ ಚಿಹ್ನೆಯಲ್ಲಿ ರ‍್ಯಾಂಕ್ ಬದಲಿಸಬಹುದು. ಬಳ್ಳಾರಿಯ ಹೇಳಿಕೆಯನ್ನು ಅಳಿಸಬೇಡಿ, ಡೆಪ್ರಿಕೇಟೆಡ್ ಕೂಡ ಮಾಡಬೇಡಿ. ಡೆಪ್ರಿಕೇಟೆಡ್ ಎಂಬುದು ಮೊದಲಿಂದಲೂ ತಪ್ಪಾಗಿದ್ದ ಮಾಹಿತಿಗೆ ಮೀಸಲು. ಹೊಸಪೇಟೆ 2021ರವರೆಗೆ ಬಳ್ಳಾರಿಯಲ್ಲಿದ್ದದ್ದು ನಿಜ, ಆ ನಿಜ ದಾಖಲೆಯಲ್ಲಿ ಉಳಿಯಬೇಕು.

ಪ್ರಶ್ನೆ: ಜನಸಂಖ್ಯೆಗೂ ಹಾಗೆಯೇ 2011ರ ಅಂಕಿಯನ್ನು ಪ್ರಿಫರ್ಡ್ ಮಾಡಿದರೆ ಸಾಕೇ?

ಉತ್ತರ: ಸಾಲದು. ಪಿ1082ರ (ಜನಸಂಖ್ಯೆ) ಪ್ರತಿ ಅಂಕಿಗೂ ಪಿ585ರಲ್ಲಿ (ಯಾವ ಕಾಲದ್ದು) ವರ್ಷ ಇರಲೇಬೇಕು, ಇನ್ಫೋಬಾಕ್ಸಿನಲ್ಲೂ ಅದು ಕಾಣಬೇಕು. ಬಳ್ಳಾರಿ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯ 24,52,595 ಎಂಬ ಸಂಖ್ಯೆಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಸೇರಿವೆ. ಇಂದಿನ ಬಳ್ಳಾರಿಯಲ್ಲಿ ಅವು ಇಲ್ಲ. ವರ್ಷವಿಲ್ಲದೆ ಈ ಅಂಕಿ ಹಾಕಿದರೆ ಓದುಗರು ಇದನ್ನು ಇಂದಿನ ಜಿಲ್ಲೆಯ ಜನಸಂಖ್ಯೆ ಎಂದೇ ತಿಳಿಯುತ್ತಾರೆ. ಹಳೆಯ ಬಳ್ಳಾರಿಯಲ್ಲಿ ಇಂದಿನ ಬಳ್ಳಾರಿ ಕಳೆದರೆ ವಿಜಯನಗರ ಸಿಗುತ್ತದೆ ಎಂಬ ಲೆಕ್ಕವೂ ನಡೆಯುವುದಿಲ್ಲ. ಇಂದು ವಿಜಯನಗರದಲ್ಲಿರುವ ಹರಪನಹಳ್ಳಿ 2011ರ ಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಲೆಕ್ಕದಲ್ಲಿತ್ತು. ತಾಲೂಕುವಾರು ಅಂಕಿಗಳನ್ನೇ, ಇಂದಿನ ಗಡಿಗೆ ತಕ್ಕಂತೆ, ಕೂಡಿಸಬೇಕು.

ಪಾರ್ಸರ್ ಫಂಕ್ಷನ್ ವರ್ಷವನ್ನು ತರುವುದಿಲ್ಲ, ಅದಕ್ಕೆ ಲುವಾ ಮಾಡ್ಯೂಲ್ (ಲುವಾ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ) ಬೇಕು. ಗೆಟ್-ಬೆಸ್ಟ್-ಸ್ಟೇಟ್‌ಮೆಂಟ್ಸ್ ಬಳಸಿದರೆ ರ‍್ಯಾಂಕಿನ ಆಯ್ಕೆ ಅದೇ ಮಾಡಿಕೊಡುತ್ತದೆ. ಇಡೀ ಐಟಂ ಎಳೆದು ತರುವ ಗೆಟ್-ಎಂಟಿಟಿ ಇಲ್ಲಿ ಅನಗತ್ಯ ಭಾರ. ಅಮೌಂಟ್ ಎಂಬ ಮೌಲ್ಯ +2452595 ಎಂದು ಮುಂದೆ ಪ್ಲಸ್ ಹೊತ್ತ ಅಕ್ಷರಸರಣಿಯಾಗಿ ಬರುತ್ತದೆ, ಅದನ್ನು ಸಂಖ್ಯೆಗೆ ಬದಲಿಸಿ ಆಮೇಲೆ ಅಲ್ಪವಿರಾಮ ಹಾಕಿ. ಕಾಲದ ಮೌಲ್ಯದಲ್ಲೂ ಮುಂದೆ ಪ್ಲಸ್ ಇರುತ್ತದೆ, ಹಾಗಾಗಿ ವರ್ಷ ಇರುವುದು ಎರಡರಿಂದ ಐದನೇ ಅಕ್ಷರದವರೆಗೆ. ಸ್ನ್ಯಾಕ್‌ಟೈಪ್ (ಮೌಲ್ಯ ಇದೆಯೇ ಇಲ್ಲವೇ ಎಂಬ ಗುರುತು) ನೋಡದೆ ಡೇಟಾ-ವ್ಯಾಲ್ಯೂ (ಮೌಲ್ಯ) ಓದಲು ಹೋಗಬೇಡಿ. ಯಾರಾದರೂ "ಮೌಲ್ಯ ಗೊತ್ತಿಲ್ಲ" ಎಂದು ದಾಖಲಿಸಿದ್ದರೆ ಅಲ್ಲಿ ಏನೂ ಇರುವುದಿಲ್ಲ, ಲೇಖನದಲ್ಲಿ ಕೆಂಪಕ್ಷರದ ಲುವಾ ದೋಷ ಕಾಣುತ್ತದೆ.

ಇನ್ನೊಬ್ಬರ ಸೇರ್ಪಡೆ: ಲೇಖನದಲ್ಲಿ ಸಂಪಾದಕರು ಕೈಯಾರೆ ಬರೆದ ಮೌಲ್ಯವೇ ಗೆಲ್ಲಬೇಕು, ಅದು ಖಾಲಿ ಇದ್ದಾಗ ಮಾತ್ರ ವಿಕಿಡೇಟಾ. ಆದರೆ ಎರಡೂ ಇದ್ದು ಬೇರೆಬೇರೆಯಾಗಿದ್ದರೆ ಟೆಂಪ್ಲೇಟು ಆ ಲೇಖನವನ್ನು ಒಂದು ಗುಪ್ತ ವರ್ಗಕ್ಕೆ ಹಾಕಲಿ. ವಾರಕ್ಕೊಮ್ಮೆ ಆ ವರ್ಗ ತೆರೆದು ನೋಡುವುದೇ ಸಿಂಕ್ ಕೆಲಸದ ಮುಕ್ಕಾಲು ಪಾಲು. ಹೋಲಿಸುವ ಮೊದಲು ಅಲ್ಪವಿರಾಮ ತೆಗೆದು, ಕನ್ನಡ ಅಂಕಿಗಳನ್ನು ಬದಲಿಸಿಕೊಳ್ಳಿ. ಇಲ್ಲದಿದ್ದರೆ ೨೪,೫೨,೫೯೫ ಮತ್ತು 2452595 ಬೇರೆ ಎಂದು ವರ್ಗ ತುಂಬಿ ತುಳುಕುತ್ತದೆ.

ಪ್ರಶ್ನೆ: ಇಂಗ್ಲಿಷ್ ಹೆಸರುಗಳ ಸಂಗತಿ?

ಉತ್ತರ: ಆ ಐಟಂಗೆ ಕನ್ನಡ ಲೇಬಲ್ (ವಿಕಿಡೇಟಾದಲ್ಲಿ ಬರೆದ ಹೆಸರು) ಇಲ್ಲ, ಅಷ್ಟೇ. ಕನ್ನಡ ಸಿಗದಿದ್ದಾಗ ವ್ಯವಸ್ಥೆ ಇಂಗ್ಲಿಷಿಗೆ ಹೋಗುತ್ತದೆ. ಟೆಂಪ್ಲೇಟಿನಲ್ಲಿ ಅನುವಾದದ ಪಟ್ಟಿ ಇಡುವ ದಾರಿ ಹಿಡಿಯಬೇಡಿ, ಲೇಬಲ್ಲನ್ನೇ ಸೇರಿಸಿ. ಒಮ್ಮೆ ಸೇರಿಸಿದರೆ ಎಲ್ಲ ಲೇಖನಗಳಿಗೂ ಆಯಿತು. ಲೇಖನವನ್ನು ಸ್ಥಳಾಂತರಿಸಿದಾಗ (ಅಂದರೆ ಶೀರ್ಷಿಕೆ ಬದಲಿಸಿದಾಗ) ಆ ಲೇಖನಕ್ಕೆ ಕೊಂಡಿಯಾದ ವಿಕಿಡೇಟಾದ ಸೈಟ್‌ಲಿಂಕ್ ತಾನಾಗಿ ಬದಲಾಗುತ್ತದೆ, ಲೇಬಲ್ ಬದಲಾಗುವುದಿಲ್ಲ. ಅದನ್ನು ಕೈಯಾರೆ ತಿದ್ದಬೇಕು.

ಕನ್ನಡದಲ್ಲಿ ಎದುರಾಗುವ ಎರಡು ಕಿರಿಕಿರಿಗಳಿವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿರುವುದು ಒಂದು: "ಬೆಂಗಳೂರು" ಮತ್ತು "ಬೆ೦ಗಳೂರು" ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ. ಇನ್ನೊಂದು, ಅರ್ಧಾಕ್ಷರದ ನಂತರ ಬರುವ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡು ಶೀರ್ಷಿಕೆಗಳೇ ಆಗುತ್ತವೆ. ಸ್ಪ್ರೆಡ್‌ಶೀಟಿನಿಂದ ಲೇಬಲ್ ಸುರಿಯುವ ಮೊದಲು ಇವೆರಡನ್ನೂ ಹುಡುಕಿ ಸರಿಪಡಿಸಿ.

ಪ್ರಶ್ನೆ: ವಿಕಿಡೇಟಾದಲ್ಲಿ ತಿದ್ದಿ ಗಂಟೆಯಾದರೂ ಲೇಖನದಲ್ಲಿ ಹಳೆಯದೇ ಇದೆ.

ಉತ್ತರ: ಕ್ಯಾಶ್, ಅಂದರೆ ಸರ್ವರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ. ಲೇಖನದ ವಿಳಾಸದ ಕೊನೆಗೆ ಪರ್ಜ್ ಕ್ರಿಯೆ (?action=purge) ಸೇರಿಸಿ ತೆರೆಯಿರಿ. ವರ್ಗಗಳು ಆಗಲೂ ಬದಲಾಗದಿದ್ದರೆ ಏನೂ ತಿದ್ದದೆ ಎಡಿಟ್ ತೆರೆದು ಉಳಿಸಿ, ಇತಿಹಾಸದಲ್ಲಿ ಅದು ದಾಖಲಾಗುವುದಿಲ್ಲ.

ಪ್ರಶ್ನೆ: ನೂರಾರು ಊರುಗಳಿಗೆ ಒಟ್ಟಿಗೆ ಹಾಕಬಹುದೇ?

ಉತ್ತರ: ಪಟ್ಟಿಯಿಂದ ಒಟ್ಟಿಗೆ ದಾಖಲಿಸುವ ಸಾಧನ ಕ್ವಿಕ್‌ಸ್ಟೇಟ್‌ಮೆಂಟ್ಸ್ ಇದೆ. ನಿಮ್ಮ ಖಾತೆಗೆ ವಿಕಿಡೇಟಾದಲ್ಲಿ 4 ದಿನ ಮತ್ತು 50 ಸಂಪಾದನೆ ಆಗಿರಬೇಕು. ವರ್ಷವನ್ನಷ್ಟೇ ಹೇಳುವುದಾದರೆ ದಿನಾಂಕದ ನಿಖರತೆ 9, ದಿನ ಹೇಳುವುದಾದರೆ 11. ಇದು ತಪ್ಪಿದರೆ 2011 ಎಂಬುದು ಜನವರಿ 1 ಆಗಿ ಕೂರುತ್ತದೆ. ಮೊದಲು ಐದು ಸಾಲು ಓಡಿಸಿ, ಐಟಂಗಳನ್ನು ತೆರೆದು ನೋಡಿ, ಆಮೇಲೆ ಉಳಿದದ್ದು. ಆಧಾರವಾಗಿ ಜನಗಣತಿಯ ದಾಖಲೆಯನ್ನೇ ಕೊಡಿ. "ಕನ್ನಡ ವಿಕಿಪೀಡಿಯದಿಂದ ಆಮದು" ಎಂದು ಬರೆದು ಮತ್ತೆ ಅದನ್ನೇ ವಿಕಿಪೀಡಿಯಕ್ಕೆ ತಂದರೆ ಮಾಹಿತಿ ತನ್ನನ್ನು ತಾನೇ ಸಾಕ್ಷಿ ಕರೆದಂತಾಗುತ್ತದೆ. ಲೇಖನದ ವಾಕ್ಯಗಳನ್ನು ವಿಕಿಡೇಟಾದ ವಿವರಣೆಗೆ ನಕಲು ಮಾಡುವುದೂ ಬೇಡ, ಅಲ್ಲಿನ ಪರವಾನಗಿ ಯಾವ ಷರತ್ತೂ ಇಲ್ಲದ ಸಿಸಿ ಜೀರೋ, ವಿಕಿಪೀಡಿಯದ್ದು ಮೂಲವನ್ನು ಹೆಸರಿಸಿ ಅದೇ ಪರವಾನಗಿಯಲ್ಲಿ ಹಂಚಬೇಕೆನ್ನುವ ಸಿಸಿ ಬಿವೈ-ಎಸ್‌ಎ.

ಪ್ರಶ್ನೆ: ಕೊನೆಯದು. ಊರು ಮತ್ತು ತಾಲೂಕು ಎರಡಕ್ಕೂ ಕನ್ನಡದಲ್ಲಿ ಒಂದೇ ಲೇಖನ, ವಿಕಿಡೇಟಾದಲ್ಲಿ ಎರಡು ಐಟಂ. ಮರ್ಜ್ ಮಾಡಲೇ, ಅಂದರೆ ಎರಡನ್ನೂ ಒಂದಾಗಿಸಲೇ?

ಉತ್ತರ: ಬೇಡ. ಊರಿನ ಜನಸಂಖ್ಯೆಯೇ ಬೇರೆ, ತಾಲೂಕಿನದೇ ಬೇರೆ. ಮರ್ಜ್ ಮಾಡಿದರೆ ಬೇರೆ ಭಾಷೆಗಳ ವಿಕಿಗಳೂ ಕೆಡುತ್ತವೆ. ಲೇಖನವನ್ನು ಊರಿನ ಐಟಂಗೆ ಜೋಡಿಸಿ. ತಾಲೂಕಿನ ಹೆಸರಲ್ಲಿ ಒಂದು ರೀಡೈರೆಕ್ಟ್ (ಆ ಲೇಖನಕ್ಕೇ ಕರೆದೊಯ್ಯುವ ಪುಟ) ಮಾಡಿ, ಅದನ್ನು ತಾಲೂಕಿನ ಐಟಂಗೆ ರೀಡೈರೆಕ್ಟ್ ಬ್ಯಾಡ್ಜ್ (ಕೊಂಡಿಯ ಪಕ್ಕದ ಗುರುತು) ಸಮೇತ ಜೋಡಿಸಿ. ಬ್ಯಾಡ್ಜ್ ಇಲ್ಲದೆ ಅದು ಉಳಿಯುವುದಿಲ್ಲ. ಮರ್ಜ್ ಮಾಡಬೇಕಾದದ್ದು ಒಂದೇ ಊರಿಗೆ ಎರಡು ಐಟಂ ಇದ್ದಾಗ. ಸ್ಥಳಾಂತರಿಸುವ ಬದಲು ಪಠ್ಯವನ್ನು ಹೊಸ ಶೀರ್ಷಿಕೆಗೆ ನಕಲು ಮಾಡಿದ ಕಡೆ ಇಂಥ ಜೋಡಿಗಳು ಹುಟ್ಟುತ್ತವೆ. ಮರ್ಜ್ ಒತ್ತುವ ಮೊದಲು ಎರಡರಲ್ಲೂ ಪಿ31 (ಐಟಂ ಯಾವ ಬಗೆಯದು) ಮತ್ತು ನಿರ್ದೇಶಾಂಕ ನೋಡಿ, ಕರ್ನಾಟಕದಲ್ಲಿ ಒಂದೇ ಹೆಸರಿನ ಹಳ್ಳಿಗಳಿಗೆ ಲೆಕ್ಕವಿಲ್ಲ.